ನಾಲ್ಕು ಕೊಡ ನೀರು, ಒಂದೇ ಹಿಟ್ಟು

ಅಕ್ಕೋಳ ಗ್ರಾಮದ ನೀರು ಮತ್ತು ನೈರ್ಮಲ್ಯ ಸಮಿತಿಯ ಸದಸ್ಯರಿಗೆ ಹಾಗೂ ನೀರು ಪರೀಕ್ಷೆಯ ಕಿಟ್ ಬಳಸುವ ಮಹಿಳೆಯರಿಗೆ ಬಹಿರಂಗ ಪತ್ರ



ಬಿಯರಿನಲ್ಲಿ ನೂರಕ್ಕೆ ತೊಂಬತ್ತು ಪಾಲಿಗೂ ಹೆಚ್ಚು ನೀರೇ ಇರುವುದರಿಂದ, ಹೊಸ ಊರಿನ ನೀರನ್ನು ಅರಿಯಬೇಕಾದ ಬಿಯರ್ ತಯಾರಕರು ದೊಡ್ಡ ಹಂಡೆಗೆ ಬೆಂಕಿ ಹಾಕುವ ಮೊದಲು ಆ ನೀರಿನಲ್ಲಿ ನಾಲ್ಕೈದು ಲೀಟರಿನ ಸಣ್ಣದೊಂದು ಒಬ್ಬೆಯನ್ನು ಮಾಡಿ ನೋಡುವುದುಂಟು. ಒಬ್ಬೆ ಎಂದರೆ ಒಂದು ಸಲಕ್ಕೆ ಬೇಯಿಸಿ ಇಳಿಸುವಷ್ಟು ಪ್ರಮಾಣ. ಈ ಪರೀಕ್ಷೆಯ ಒಬ್ಬೆಗೆ ಬೇಕೆಂದೇ ತೀರ ಸರಳವಾದ ಸಾಮಗ್ರಿಯನ್ನು ಆರಿಸಲಾಗುತ್ತದೆ: ಒಂದೇ ಬಗೆಯ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಒಂದೇ ಬಗೆಯ ಹಾಪ್ಸ್, ಅಂದರೆ ಬಿಯರಿಗೆ ಕಹಿ ಕೊಡುವ ಒಂದು ಬಳ್ಳಿಯ ಹೂ, ಮತ್ತು ಹುಳಿಯಿಸಲು ಒಂದೇ ಜಾತಿಯ ಯೀಸ್ಟ್. ಖಾರ, ಮಸಾಲೆ ಹೆಚ್ಚಾದ ಸಾರಿನಲ್ಲಿ ಬೇಳೆಯ ಗುಣದೋಷ ಅಡಗಿಹೋಗುವಂತೆ ಹಲವು ಬಗೆಯ ಮಾಲ್ಟು ಸೇರಿದ ಬಿಯರಿನಲ್ಲಿ ನೀರಿನ ಗುಣವೂ ಅಡಗಿಹೋಗುತ್ತದೆ. ಉಳಿದುದೆಲ್ಲವೂ ಸರಳವಾಗಿ, ಒಂದೇ ತೆರನಾಗಿ ಇದ್ದು ನೀರೊಂದೇ ಬದಲಾದಾಗ ಮಾತ್ರ ಕಂಡುಬಂದ ವ್ಯತ್ಯಾಸಕ್ಕೆ ನೀರೇ ಕಾರಣವೆಂದು ಧೈರ್ಯವಾಗಿ ಹೇಳಲು ಬರುತ್ತದೆ. ಅಕ್ಕೋಳದ ನೀರಿನ ವಿಷಯದಲ್ಲಿಯೂ ಇದೇ ವಿಧಾನವನ್ನು, ಬಿಯರನ್ನು ಬದಿಗಿಟ್ಟು, ಅಡುಗೆಮನೆಯ ಪಾತ್ರೆಯಲ್ಲಿ ಬಳಸಬಹುದೆಂಬುದೂ, ಹಾಗೆ ಬಳಸುವವರು ಅದರ ಮಿತಿಯನ್ನು ಮೊದಲೇ ಅರಿತಿರಬೇಕೆಂಬುದೂ ಈ ಪತ್ರದ ವಿಷಯ.

ಬಿಯರನ್ನು ಬದಿಗಿಡಲು ಕಾರಣಗಳನ್ನು ಹುಡುಕಬೇಕಾಗಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಿಗೆಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ; ಪ್ರಮಾಣ ಸಣ್ಣದು, ಉದ್ದೇಶ ಪರೀಕ್ಷೆ ಎಂಬ ಸಬೂಬಿಗೆ ಅಲ್ಲಿ ಜಾಗವಿಲ್ಲ. ಅದಲ್ಲದೆ ಬಾರ್ಲಿ ಈ ಭಾಗದ ಬೆಳೆಯಲ್ಲ, ಹಾಪ್ಸ್ ಈ ಭಾಗದ ಬಳ್ಳಿಯಲ್ಲ. ಊರಿನ ನಾಲಗೆಗೆ ಪರಿಚಯವೇ ಇಲ್ಲದ ರುಚಿಯೊಂದರಲ್ಲಿ ನೀರಿನ ವ್ಯತ್ಯಾಸವನ್ನು ಹುಡುಕುವುದು ಕತ್ತಲೆಯಲ್ಲಿ ಸೂಜಿ ಹುಡುಕಿದಂತೆ. ಜೋಳದ ಅಂಬಲಿ, ತೊಗರಿಬೇಳೆ, ಚಹ ಇವುಗಳ ವಿಷಯದಲ್ಲಿಯಾದರೋ ಅಕ್ಕೋಳದ ಪ್ರತಿಯೊಂದು ಮನೆಯ ನಾಲಗೆಯೂ ಪಳಗಿದ್ದು. ಆದರೂ ಬಿಯರಿನ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುವುದು ಅಗತ್ಯ, ಏಕೆಂದರೆ ನೀರಿನಲ್ಲಿ ಕರಗಿದ ಲವಣಗಳು ಒಂದು ಪದಾರ್ಥವನ್ನು ಹೇಗೆ ಬದಲಿಸುತ್ತವೆ ಎಂಬುದನ್ನು ಆ ಉದ್ಯಮದವರಷ್ಟು ತಾಳ್ಮೆಯಿಂದ, ಲಾಭನಷ್ಟದ ಲೆಕ್ಕವಿಟ್ಟುಕೊಂಡು ಪರಿಶೀಲಿಸಿದವರು ಕಡಿಮೆ.

ಯುರೋಪಿನ ಮೂರು ಊರುಗಳು ಇದಕ್ಕೆ ಹೆಸರಾದ ನಿದರ್ಶನಗಳು. ಇಂಗ್ಲೆಂಡಿನ ಬರ್ಟನ್-ಆನ್-ಟ್ರೆಂಟ್ ಎಂಬ ಊರಿನ ಬಾವಿಗಳ ನೀರು ಜಿಪ್ಸಮ್ ಪದರಗಳ ಮೂಲಕ ಬರುವುದರಿಂದ ಅದರಲ್ಲಿ ಕ್ಯಾಲ್ಸಿಯಂ ಲೀಟರಿಗೆ 250 ಮಿಲಿಗ್ರಾಂಗೂ ಮೇಲಿದ್ದು, ಸಲ್ಫೇಟ್ ಅದಕ್ಕಿಂತ ಹೆಚ್ಚಾಗಿದೆ. ಜಿಪ್ಸಮ್ ಎಂದರೆ ಈ ಸೀಮೆಯ ರೈತರು ಸವಳು ಭೂಮಿಗೆ ಹಾಕುವ ಅದೇ ಕ್ಯಾಲ್ಸಿಯಂ ಸಲ್ಫೇಟ್. ಆ ನೀರಿನಲ್ಲಿ ಹಾಪ್ಸಿನ ಕಹಿ ಒಣಗಿದಂತೆ, ಹರಿತವಾಗಿ ಮೂಡಿ ನಿಲ್ಲುವುದರಿಂದ, ಹಡಗಿನಲ್ಲಿ ಹಿಂದೂಸ್ಥಾನಕ್ಕೆ ಸಾಗಿಬರುತ್ತಿದ್ದ ಇಂಡಿಯಾ ಪೇಲ್ ಏಲ್ ಎಂಬ ತಿಳಿಬಣ್ಣದ ಕಹಿ ಬಿಯರಿಗೆ 19ನೆಯ ಶತಮಾನದಲ್ಲಿ ಬರ್ಟನ್ ದೊಡ್ಡ ಕೇಂದ್ರವಾಯಿತು. ಬೊಹೀಮಿಯಾದ ಪಿಲ್ಸೆನ್ ಊರಿನ ನೀರು ಇದಕ್ಕೆ ತದ್ವಿರುದ್ಧ: ಕ್ಯಾಲ್ಸಿಯಂ ಲೀಟರಿಗೆ ಸುಮಾರು 10 ಮಿಲಿಗ್ರಾಂ ಮಾತ್ರ, ಹೆಚ್ಚುಕಡಿಮೆ ಮಳೆನೀರು. ಬವೇರಿಯಾದಿಂದ ಬಂದ ಯೋಸೆಫ್ ಗ್ರೋಲ್ 1842ರಲ್ಲಿ ಅಲ್ಲಿ ತಯಾರಿಸಿದ ಹೊಂಬಣ್ಣದ ಬಿಯರ್ ಆ ಸಪ್ಪೆ ನೀರಿನಲ್ಲಿಯೇ ನಯವಾಗಿ ಬಂದಿತು. ಈಗ ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾಗುವ ಬಿಯರುಗಳಲ್ಲಿ ಬಹುಪಾಲು ಅದರ ವಂಶದವೇ. ಐರ್ಲೆಂಡಿನ ಡಬ್ಲಿನ್ ನಗರದ ನೀರಿನಲ್ಲಿ ಬೈಕಾರ್ಬೊನೇಟ್, ಅಂದರೆ ಹುಳಿಯನ್ನು ತಟಸ್ಥಗೊಳಿಸುವ ಕ್ಷಾರಗುಣದ ಅಂಶ, ಹೆಚ್ಚಾಗಿದ್ದು, ತಿಳಿಬಣ್ಣದ ಬಿಯರ್ ಅಲ್ಲಿ ಒರಟಾಗಿ, ಒಗರಾಗಿ ಬರುತ್ತಿತ್ತು. ಕಪ್ಪಾಗುವಂತೆ ಹುರಿದ ಮಾಲ್ಟಿಗೆ ತನ್ನದೇ ಆದ ಹುಳಿಯಿರುವುದರಿಂದ ಆ ಹುಳಿ ನೀರಿನ ಕ್ಷಾರವನ್ನು ತಿಂದುಹಾಕಿತು. ಡಬ್ಲಿನ್ ಕಪ್ಪು ಬಿಯರಿನ ನಗರವಾದುದರ ಹಿಂದೆ ಇದೂ ಒಂದು ಕಾರಣ.

ಈ ಮೂರು ಊರುಗಳಲ್ಲಿ ಯಾವುದರ ನೀರು ಒಳ್ಳೆಯದು ಎಂಬ ಪ್ರಶ್ನೆಗೆ ಅರ್ಥವಿಲ್ಲ. ಒಂದೊಂದು ನೀರು ಒಂದೊಂದು ಪಾಕಕ್ಕೆ ಒಗ್ಗಿತು. ಒಗ್ಗದ ಪಾಕವನ್ನು ಆ ಊರಿನವರು ಕಾಲಕ್ರಮದಲ್ಲಿ ಕೈಬಿಟ್ಟರು. ರಸಾಯನಶಾಸ್ತ್ರ ಇದನ್ನು ವಿವರಿಸಿದ್ದು ತೀರ ಈಚೆಗೆ. ಹುಳಿಯನ್ನೂ ಕ್ಷಾರವನ್ನೂ ಅಳೆಯುವ ಪಿಎಚ್ ಮಾನವನ್ನು ಸೋರೆನ್ಸನ್ ಎಂಬ ವಿಜ್ಞಾನಿ 1909ರಲ್ಲಿ ರೂಪಿಸಿದ್ದು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರ್ ಕಾರ್ಖಾನೆಗೆ ಸೇರಿದ ಪ್ರಯೋಗಾಲಯದಲ್ಲಿ ಎಂಬುದನ್ನು, ಕಿಟ್ಟಿನ ಮೊದಲ ಶೀಶೆಯಲ್ಲಿ ಬಣ್ಣ ನೋಡಿ ಪಿಎಚ್ ಬರೆದುಕೊಳ್ಳುವ ಮಹಿಳೆಯರು ನೆನಪಿಡುವುದು ಸೂಕ್ತ. ಆ ಮಾನದಲ್ಲಿ 7 ಎಂಬುದು ತಟಸ್ಥ. ಅದಕ್ಕಿಂತ ಕೆಳಗಿಳಿದಂತೆ ಹುಳಿ, ಮೇಲೇರಿದಂತೆ ಕ್ಷಾರ. ಬಿಯರ್ ತಯಾರಿಕೆಯಲ್ಲಿ ಪುಡಿ ಮಾಡಿದ ಮಾಲ್ಟನ್ನು 65ರಿಂದ 68 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಒಂದು ಗಂಟೆ ನೆನೆಸಿಟ್ಟಾಗ ಮೊಳಕೆಯೊಳಗಿನ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ, ಮತ್ತು ಆ ಕೆಲಸ ಸುಗಮವಾಗಿ ನಡೆಯಲು ಆ ಗಂಜಿಯ ಪಿಎಚ್ 5.2ರಿಂದ 5.6ರ ನಡುವೆ ಇರಬೇಕು. ನೀರಿನ ಬೈಕಾರ್ಬೊನೇಟ್ ಅದನ್ನು ಮೇಲಕ್ಕೆ ಎಳೆಯುತ್ತದೆ. ಕ್ಯಾಲ್ಸಿಯಂ, ಮೆಗ್ನೀಷಿಯಂಗಳು ಮಾಲ್ಟಿನ ಫಾಸ್ಫೇಟಿನೊಡನೆ ಕೂಡಿ ಹುಳಿಯನ್ನು ಬಿಡುಗಡೆ ಮಾಡಿ ಅದನ್ನು ಕೆಳಕ್ಕೆ ಎಳೆಯುತ್ತವೆ. ಈ ಎಳೆದಾಟದಲ್ಲಿ ಕೊನೆಗೆ ಉಳಿಯುವ ಕ್ಷಾರಕ್ಕೆ ಉಳಿಕೆ ಕ್ಷಾರತೆ ಎಂದು ಹೆಸರು. ಜರ್ಮನಿಯ ಪಾಲ್ ಕೋಲ್ಬಾಖ್ ಅದಕ್ಕೆ ಕೊಟ್ಟ ಸೂತ್ರ ಸರಳ: ನೀರಿನ ಒಟ್ಟು ಕ್ಷಾರತೆಯಿಂದ ಕ್ಯಾಲ್ಸಿಯಂ ಗಡಸುತನದ ಮೂರೂವರೆಯಲ್ಲೊಂದು ಪಾಲನ್ನೂ, ಮೆಗ್ನೀಷಿಯಂ ಗಡಸುತನದ ಏಳರಲ್ಲೊಂದು ಪಾಲನ್ನೂ ಕಳೆಯಬೇಕು.

ಈ ಸೂತ್ರ ಅಕ್ಕೋಳಕ್ಕೆ ದೂರದ ಮಾತಲ್ಲ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್ ಯೋಜನೆಯಡಿ ಪ್ರತಿ ಗ್ರಾಮದಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ತರಬೇತಿ ಕೊಡುವ ವ್ಯವಸ್ಥೆಯಿದ್ದು, ಅವರ ಕೈಗೆ ಬರುವ ಕಿಟ್ಟಿನಲ್ಲಿ ಕ್ಷಾರತೆ, ಗಡಸುತನ ಎರಡನ್ನೂ ಅಳೆಯುವ ಶೀಶೆಗಳಿರುತ್ತವೆ. ಎರಡರ ಫಲವೂ ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿಯೇ, ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಬರುತ್ತದೆ. ಲೆಕ್ಕ ತಿಳಿಯಲೆಂದು ಒಂದು ನೀರಿನ ಕ್ಷಾರತೆ 300, ಒಟ್ಟು ಗಡಸುತನ 350 ಎಂದು ಭಾವಿಸಿದರೆ, ಗಡಸುತನವೆಲ್ಲ ಕ್ಯಾಲ್ಸಿಯಮ್ಮಿನದೇ ಆಗಿದ್ದಲ್ಲಿ 100ನ್ನೂ, ಎಲ್ಲವೂ ಮೆಗ್ನೀಷಿಯಮ್ಮಿನದಾಗಿದ್ದಲ್ಲಿ 50ನ್ನೂ ಕಳೆಯಬೇಕಾಗುತ್ತದೆ. ಅಂದರೆ ಉಳಿಕೆ ಕ್ಷಾರತೆ 200 ಮತ್ತು 250ರ ನಡುವೆ ಎಲ್ಲಿಯೋ ಇದೆ. ಹೀಗೆ ಪ್ರಯೋಗಾಲಯದ ಪೂರ್ಣ ವರದಿ ಬರುವ ಮೊದಲೇ ಕಿಟ್ಟಿನ ಎರಡು ಅಂಕಿಗಳಿಂದ ಒಂದು ಅಂದಾಜಿಗೆ ಬರಬಹುದು. ಬಿಯರ್ ತಯಾರಕರು ಇಂಥ ನೀರನ್ನು ತಿಳಿಬಣ್ಣದ ಬಿಯರಿಗೆ ಒಗ್ಗದು ಎಂದು ಬಿಡುತ್ತಾರೆ. ಅಕ್ಕೋಳದಲ್ಲಿ ಅದೇ ನೀರು ಅಂಬಲಿಯನ್ನು ಬೇಗ ಹುಳಿಯಾಗಗೊಡದೆ, ಚಹದ ಮೇಲೆ ಪೊರೆ ಕಟ್ಟಿಸಿ ತನ್ನ ಗುಣವನ್ನು ತೋರಿಸುತ್ತದೆ.

ಊರಿನ ನೆಲದ ವಿಚಾರವನ್ನು ಇಲ್ಲಿ ಹೇಳಬೇಕು. ಅಕ್ಕೋಳದ ಪಕ್ಕದಲ್ಲಿ ಹರಿಯುವ ವೇದಗಂಗೆ ಕೊಲ್ಹಾಪುರ ಜಿಲ್ಲೆಯ ಸಹ್ಯಾದ್ರಿಯಲ್ಲಿ ಹುಟ್ಟಿ, ಭೋಜ ಗ್ರಾಮದ ಬಳಿ ದೂಧಗಂಗೆಯನ್ನು ಕೂಡಿಕೊಂಡು, ಮುಂದೆ ಕೃಷ್ಣೆಯ ಪಾಲಾಗುತ್ತದೆ. ಮಳೆಗಾಲದಲ್ಲಿ ಅಕ್ಕೋಳ-ಸಿದ್ನಾಳ ಸೇತುವೆ ಮುಳುಗಿತೆಂಬ ಸುದ್ದಿಯಿಂದಲೇ ಹೊರಗಿನವರಿಗೆ ಊರಿನ ಹೆಸರು ಪರಿಚಯ. ಘಟ್ಟದ ಮಳೆಯಿಂದ ತುಂಬಿ ಬರುವ ಹೊಳೆಯ ನೀರಿನಲ್ಲಿ ಮಣ್ಣು ಎಷ್ಟೇ ಇದ್ದರೂ ಕರಗಿದ ಲವಣ ಕಡಿಮೆ. ಬಾವಿ ಮತ್ತು ಬೋರಿನ ನೀರಿನ ಹಾದಿ ಬೇರೆ. ಈ ಸೀಮೆಯ ಕೆಳಗಿರುವುದು ದಖ್ಖನ್ ಟ್ರ್ಯಾಪ್ ಎಂದು ಹೆಸರಾದ ಕಪ್ಪು ಬಸಾಲ್ಟ್ ಶಿಲೆ, ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾ. ಎರೆಮಣ್ಣು ಅದರ ಮಗು. ಮಳೆನೀರು ಮಣ್ಣಿನೊಳಗಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸೌಮ್ಯವಾದ ಆಮ್ಲವಾಗಿ ಕೆಳಗಿಳಿಯುತ್ತ, ಶಿಲೆಯೊಳಗಿನ ಕ್ಯಾಲ್ಸಿಯಂ, ಮೆಗ್ನೀಷಿಯಂಗಳನ್ನೂ ಎರೆಮಣ್ಣಿನ ಸುಣ್ಣದ ಹರಳುಗಳನ್ನೂ ನಿಧಾನವಾಗಿ ಕರಗಿಸಿಕೊಂಡು ಬೈಕಾರ್ಬೊನೇಟ್ ತುಂಬಿದ ಗಡಸು ನೀರಾಗುತ್ತದೆ. ಇದರ ಮೇಲೆ ಕಬ್ಬಿನ ಗದ್ದೆಗಳಿಗೆ ಹರಿಸಿದ ನೀರು ಆವಿಯಾಗಿ ಲವಣ ಉಳಿದು, ಕೃಷ್ಣಾ ತೀರದ ರೈತರಿಗೆ ಚೆನ್ನಾಗಿ ಗೊತ್ತಿರುವ ಸವಳು-ಜವಳು ಭೂಮಿ ಉಂಟಾದ ಕಡೆಗಳಲ್ಲಿ ಕ್ಲೋರೈಡ್, ಸೋಡಿಯಂಗಳೂ ಸೇರಿಕೊಳ್ಳುತ್ತವೆ. ನಿಪ್ಪಾಣಿ ಸೀಮೆಯ ತಂಬಾಕಿಗೆ ಕ್ಲೋರೈಡ್ ಶತ್ರು, ಏಕೆಂದರೆ ಅದು ಹೆಚ್ಚಾದ ಎಲೆ ತೇವ ಹೀರಿಕೊಂಡು ಸರಿಯಾಗಿ ಉರಿಯುವುದಿಲ್ಲ; ಉಪ್ಪು ನೀರು ಕುಡಿದ ಕಬ್ಬಿನ ಬೆಲ್ಲವೂ ಹಾಗೆಯೇ ಉಪ್ಪುಪ್ಪಾಗಿ, ಅಚ್ಚು ಸರಿಯಾಗಿ ಕೂಡದೆ, ಮಳೆಗಾಲದಲ್ಲಿ ಬೆವರುತ್ತದೆ. ಹಾಗೆ ನೋಡಿದರೆ ಗಾಣದಿಂದ ಇಳಿಯುವ ಪ್ರತಿಯೊಂದು ಕೊಪ್ಪರಿಗೆ ಬೆಲ್ಲವೂ ಆ ಹೊಲದ ನೀರಿನ ಪರೀಕ್ಷೆಯ ಒಬ್ಬೆಯೇ ಸರಿ. ಅದನ್ನು ಹಾಗೆಂದು ಬರೆದಿಡುವ ರೂಢಿ ಮಾತ್ರ ಬೆಳೆದಿಲ್ಲ.

ಈಗ ಅಡುಗೆಮನೆಯ ಮಾತು. ಈ ನೀರಾಗ ಬ್ಯಾಳಿ ಬೇಯಂಗಿಲ್ಲ ಎಂದು ಹೆಣ್ಣುಮಕ್ಕಳು ಹೇಳುವಾಗ ಅದರಲ್ಲಿ ಒಂದು ರಾಸಾಯನಿಕ ಸತ್ಯವೇ ಇದೆ. ಬೇಳೆಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಪೆಕ್ಟಿನ್ ಎಂಬ ಅಂಟು. ಬೇಯುವಾಗ ಅದು ಕರಗಬೇಕು. ನೀರಿನ ಕ್ಯಾಲ್ಸಿಯಂ ಆ ಪೆಕ್ಟಿನ್ನಿನೊಡನೆ ಕೂಡಿ ಕರಗದ ಬೆಸುಗೆ ಹಾಕುವುದರಿಂದ ಬೇಳೆ ಎಷ್ಟು ಕುದಿದರೂ ಕಾಳುಕಾಳಾಗಿ ಉಳಿಯುತ್ತದೆ. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಬೇಗ ಬೇಯುವುದು ನಿಜವಾದರೂ, ಬೇಳೆಯ ಬಿ1 ಜೀವಸತ್ವ ಆ ಕ್ಷಾರದಲ್ಲಿ ನಾಶವಾಗುತ್ತದೆಂಬುದನ್ನೂ ಸೇರಿಸಿ ಹೇಳಬೇಕು. ಕಾಯಿಸಿದ ಪಾತ್ರೆಯ ತಳದಲ್ಲಿ, ಸ್ನಾನದ ಹಂಡೆಯ ಒಳಮೈಯಲ್ಲಿ ಕಟ್ಟುವ ಬಿಳಿ ಪೊರೆ ಇನ್ನೊಂದು ಸಾಕ್ಷಿ: ಬೈಕಾರ್ಬೊನೇಟಿನಿಂದಾದ ಗಡಸುತನ ಕುದಿಸಿದಾಗ ಸುಣ್ಣವಾಗಿ ಕೆಳಗೆ ಕೂರುತ್ತದೆ, ಆದ್ದರಿಂದ ಅದಕ್ಕೆ ತಾತ್ಕಾಲಿಕ ಗಡಸುತನವೆಂದು ಹೆಸರು, ಸಲ್ಫೇಟ್, ಕ್ಲೋರೈಡುಗಳ ಜೊತೆಗಿರುವುದು ಕುದಿಸಿದರೂ ಹೋಗದೆ ಉಳಿಯುವುದರಿಂದ ಅದು ಶಾಶ್ವತ ಗಡಸುತನ. ಕ್ಷಾರ ಹೆಚ್ಚಿದ ನೀರಿನಲ್ಲಿ ಹಾಲಿಲ್ಲದ ಚಹ ಕೆಂಪು ಹೊಳಪನ್ನು ಕಳೆದುಕೊಂಡು ಮಂಕು ಕಂದಾಗುತ್ತದೆ, ಆರಿದ ಮೇಲೆ ಮೇಲ್ಗಡೆ ತೆಳುವಾದ ಪೊರೆ ಕಟ್ಟುತ್ತದೆ. ಹಾಲು ಹಾಕಿದ ಚಹದಲ್ಲಿ ಇದು ಅಷ್ಟು ಸ್ಪಷ್ಟವಾಗಿ ಕಾಣದು. ಪರೀಕ್ಷೆಗೆ ಕರಿ ಚಹವೇ ಆಗಬೇಕು.

ಬಿಯರಿಗೆ ಎಲ್ಲಕ್ಕಿಂತ ಹತ್ತಿರದ ನಂಟು ಅಂಬಲಿಯದು. ಎರಡರಲ್ಲಿಯೂ ಧಾನ್ಯದ ಹಿಟ್ಟನ್ನು ನೀರಿನಲ್ಲಿ ಕಲಸಿ ಕಣ್ಣಿಗೆ ಕಾಣದ ಜೀವಿಗಳ ಕೈಗೆ ಒಪ್ಪಿಸಲಾಗುತ್ತದೆ. ಬಿಯರಿನಲ್ಲಿ ಯೀಸ್ಟು ಸಕ್ಕರೆಯನ್ನು ಮದ್ಯಸಾರವಾಗಿಸಿದರೆ, ಅಂಬಲಿಯಲ್ಲಿ ಮೊಸರಿನ ಬ್ಯಾಕ್ಟೀರಿಯಾಗಳು ಅದನ್ನು ಲ್ಯಾಕ್ಟಿಕ್ ಆಮ್ಲವಾಗಿಸುತ್ತವೆ. ಅವು ಹುಟ್ಟಿಸುವ ಹುಳಿಯ ಒಂದು ಪಾಲು ನೀರಿನ ಕ್ಷಾರವನ್ನು ತಣಿಸಲು ಖರ್ಚಾಗುವುದರಿಂದ, ಕ್ಷಾರ ಹೆಚ್ಚಿದಷ್ಟೂ ಅಂಬಲಿ ಹುಳಿಗೆ ಬರುವುದು ತಡವಾಗುತ್ತದೆ. ಒಂದೇ ಚೀಲದ ಜೋಳದ ಹಿಟ್ಟು 100 ಗ್ರಾಂ, ನೀರು 400 ಮಿಲಿಲೀಟರ್, ಒಂದೇ ಗಡಿಗೆಯ ಗಟ್ಟಿ ಮೊಸರು ಎರಡು ಚಮಚ, ಇಷ್ಟನ್ನು ಒಂದೇ ಅಳತೆಯ ಸ್ಟೀಲ್ ಪಾತ್ರೆಗಳಲ್ಲಿ ಕಲಸಿ, ಒಂದೇ ಹಲಗೆಯ ಮೇಲಿಟ್ಟು, ನಾಲ್ಕು, ಎಂಟು, ಹನ್ನೆರಡು ಗಂಟೆಗಳಾದಾಗ ಪಿಎಚ್ ಕಾಗದದಿಂದ ನೋಡುವುದೇ ಪರೀಕ್ಷೆ. ಮಜ್ಜಿಗೆ ಬೇಡವೆನ್ನಲು ಕಾರಣವಿದೆ: ಮಜ್ಜಿಗೆಯಲ್ಲಿ ಆಗಲೇ ಒಂದು ನೀರು ಸೇರಿರುತ್ತದೆ. ನಳದ ನೀರಿನಲ್ಲಿ ಕ್ಲೋರಿನ್ ಇದ್ದರೆ ಅದು ಬ್ಯಾಕ್ಟೀರಿಯಾಗಳನ್ನೇ ಹಿಮ್ಮೆಟ್ಟಿಸಿ ಕ್ಷಾರದ ಹೆಸರು ಕೆಡಿಸುವುದರಿಂದ, ಎಲ್ಲ ಮೂಲಗಳ ನೀರನ್ನೂ ಹಿಂದಿನ ರಾತ್ರಿಯೇ ಅಗಲ ಬಾಯಿಯ ಪಾತ್ರೆಗಳಲ್ಲಿ ತೆಳುಬಟ್ಟೆ ಮುಚ್ಚಿ ಇಡಬೇಕು. ಕುದಿಸಬಾರದು, ಕುದಿಸಿದರೆ ತಾತ್ಕಾಲಿಕ ಗಡಸುತನ ಇಳಿದು ಪರೀಕ್ಷಿಸಬೇಕಾದುದೇ ಇಲ್ಲವಾಗುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಈ ಸೀಮೆಯಲ್ಲಿ ಜೈನ ಮನೆತನಗಳು ಬಹಳ, ಮತ್ತು ವ್ರತನಿಷ್ಠರಾದವರು ರಾತ್ರಿ ಹುಳಿಯಿಸಿ ಇಟ್ಟುದನ್ನು ಮುಟ್ಟುವುದಿಲ್ಲ. ಅಂಥ ಮನೆಗಳಲ್ಲಿ ಬೇಳೆ ಮತ್ತು ಚಹದ ಪರೀಕ್ಷೆಗಳೇ ಸಾಕು. ಬೇಳೆಯದನ್ನು ಕುಕ್ಕರಿಲ್ಲದೆ, ಉಪ್ಪು-ಅರಿಸಿನವಿಲ್ಲದೆ, 100 ಗ್ರಾಂ ಬೇಳೆಗೆ ಅರ್ಧ ಲೀಟರ್ ನೀರಿನ ಲೆಕ್ಕದಲ್ಲಿ ಮಾಡಿ, ಎರಡು ಬೆರಳುಗಳ ನಡುವೆ ಬೇಳೆ ನುರಿಯುವವರೆಗಿನ ನಿಮಿಷಗಳನ್ನು ಬರೆದುಕೊಳ್ಳಬೇಕು. ಕುಕ್ಕರಿನ ಒತ್ತಡ ಬೇಳೆಯನ್ನು ಹೇಗೂ ಬೇಯಿಸಿಬಿಡುವುದರಿಂದ ವ್ಯತ್ಯಾಸ ಮುಚ್ಚಿಹೋಗುತ್ತದೆ; ನಗರದ ಮನೆಗಳು ತಮ್ಮ ನೀರಿನ ಪರಿಚಯ ಕಳೆದುಕೊಂಡದ್ದಕ್ಕೆ ಕುಕ್ಕರಿನ ಸೀಟಿಯೂ ಒಂದು ಕಾರಣವಿರಬಹುದು.

ಹೋಲಿಕೆಗೆ ಒಂದು ಆಧಾರ ಬೇಕು. ಶುದ್ಧ ಕುಡಿಯುವ ನೀರಿನ ಘಟಕದ ನೀರು, ಅಂದರೆ ಸೂಕ್ಷ್ಮ ಪೊರೆಯ ಮೂಲಕ ಒತ್ತಡದಿಂದ ಹಾಯಿಸಿ ಲವಣಗಳನ್ನು ಬಹುಪಾಲು ತೆಗೆದ ನೀರು, ಈ ಕೆಲಸಕ್ಕೆ ಒದಗುತ್ತದೆ. ಬಿಯರ್ ತಯಾರಕರೂ ತಮ್ಮ ಪರೀಕ್ಷೆಯಲ್ಲಿ ಇಂಥದೇ ನೀರನ್ನು ಒಂದು ಪಾತ್ರೆಗೆ ಹಾಕುತ್ತಾರೆ. ಹೊಳೆಯಿಂದ ನಳಕ್ಕೆ ಬಂದ ನೀರು, ಒಂದು ತೆರೆದ ಬಾವಿ, ಒಂದು ಬೋರು, ಒಂದು ಘಟಕ, ಹೀಗೆ ನಾಲ್ಕು ಕೊಡಗಳಾದರೆ ಸಾಕು. ಒಂದೇ ಸಲದ ಫಲವನ್ನು ನಂಬುವಂತಿಲ್ಲ. ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ವಿಲಿಯಂ ಸೀಲಿ ಗಾಸೆಟ್, ಮೂರು ನಾಲ್ಕು ಸಣ್ಣ ಪರೀಕ್ಷೆಗಳಿಂದ ಎಷ್ಟರ ಮಟ್ಟಿಗೆ ತೀರ್ಮಾನಕ್ಕೆ ಬರಬಹುದೆಂಬ ಪ್ರಶ್ನೆಯನ್ನೇ ಹಿಡಿದು 1908ರಲ್ಲಿ ಸ್ಟೂಡೆಂಟ್ ಎಂಬ ಗುಪ್ತನಾಮದಲ್ಲಿ ಪ್ರಕಟಿಸಿದ ಲೇಖನ ಇಂದಿಗೂ ಸಂಖ್ಯಾಶಾಸ್ತ್ರದ ತಳಹದಿಗಳಲ್ಲಿ ಒಂದು. ಪ್ರತಿಯೊಂದು ನೀರಿಗೂ ಪರೀಕ್ಷೆಯನ್ನು ಮೂರು ಸಲ ಮಾಡಿದರೆ, ಒಂದೇ ನೀರಿನ ಮೂರು ಫಲಗಳ ನಡುವಿನ ಅಂತರಕ್ಕಿಂತ ಬೇರೆ ಬೇರೆ ನೀರುಗಳ ನಡುವಿನ ಅಂತರ ದೊಡ್ಡದೋ ಅಲ್ಲವೋ ಎಂಬುದು ಯಾವ ಸೂತ್ರವೂ ಇಲ್ಲದೆ ಕಣ್ಣಿಗೇ ಕಾಣುತ್ತದೆ.

ರುಚಿಯ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ತಮ್ಮ ಓಣಿಯ ಬಾವಿಯ ನೀರೇ ಸಿಹಿಯೆಂದು ಎಲ್ಲರೂ ಹೇಳುತ್ತಾರೆ. ಇದಕ್ಕೆ 1940ರ ದಶಕದಲ್ಲಿ ಕಾರ್ಲ್ಸ್‌ಬರ್ಗ್‌ನವರು ಬಳಕೆಗೆ ತಂದ ತ್ರಿಕೋನ ಪರೀಕ್ಷೆ ಒಳ್ಳೆಯ ಉಪಾಯ: ಮೂರು ಲೋಟಗಳಲ್ಲಿ ಎರಡರಲ್ಲಿ ಒಂದು ನೀರಿನ ಚಹ, ಮೂರನೆಯದರಲ್ಲಿ ಇನ್ನೊಂದು ನೀರಿನ ಚಹ ಹಾಕಿ, ಯಾವುದು ಬೇರೆಯದೆಂದು ಕೇಳಬೇಕು; ಯಾವುದು ಚೆನ್ನಾಗಿದೆಯೆಂದು ಕೇಳಬಾರದು. ಲೋಟದಲ್ಲಿ ಏನಿದೆಯೆಂಬುದು ಕೊಡುವವರಿಗೂ ತಿಳಿಯದಿದ್ದರೆ ಇನ್ನೂ ಒಳ್ಳೆಯದು, ಮತ್ತು ಬಣ್ಣ ಕಾಣದಂತೆ ಸ್ಟೀಲ್ ಲೋಟಗಳನ್ನು ಮಬ್ಬು ಬೆಳಕಿನಲ್ಲಿ ಕೊಡಬೇಕು. ಕಣ್ಣು ಮುಚ್ಚಿ ಆರಿಸಿದರೂ ಮೂರರಲ್ಲೊಂದು ಪಾಲು ಜನ ಸರಿಯಾಗಿಯೇ ಹೇಳಿಬಿಡುವುದರಿಂದ, ಹನ್ನೆರಡು ಮಂದಿ ಕುಡಿದು ನೋಡಿದಲ್ಲಿ ಕನಿಷ್ಠ ಎಂಟು ಮಂದಿ ಸರಿಯಾಗಿ ಗುರುತಿಸಿದಾಗ ಮಾತ್ರ ಎರಡು ನೀರುಗಳ ರುಚಿ ನಿಜವಾಗಿಯೂ ಬೇರೆಯೆಂದು ಒಪ್ಪಬಹುದು. ಏಳು ಬಂದರೆ ಇನ್ನೊಮ್ಮೆ ಮಾಡಬೇಕು. ಸ್ವಸಹಾಯ ಸಂಘದ ಒಂದು ವಾರದ ಸಭೆಯಲ್ಲಿ ಮುಗಿಯುವ ಕೆಲಸವಿದು.

ಇಷ್ಟರವರೆಗೆ ಹೇಳಿದುದು ಪಾತ್ರೆಯ ಶಕ್ತಿ. ಅದರ ಮಿತಿ ಇದಕ್ಕಿಂತ ದೊಡ್ಡದು. 1854ರಲ್ಲಿ ಲಂಡನ್ನಿನ ಸೋಹೊ ಭಾಗದಲ್ಲಿ ಕಾಲರಾ ಹಬ್ಬಿದಾಗ, ಬ್ರಾಡ್ ಸ್ಟ್ರೀಟಿನ ಕೈಪಂಪಿನ ನೀರೇ ಅದಕ್ಕೆ ಕಾರಣವೆಂದು ವೈದ್ಯ ಜಾನ್ ಸ್ನೋ ತೋರಿಸಿಕೊಟ್ಟ ಪ್ರಸಂಗ ಪಠ್ಯಪುಸ್ತಕಗಳಲ್ಲಿ ಬರುತ್ತದೆ. ಆದರೆ ಅದರ ಎರಡು ವಿವರಗಳು ಈ ಪತ್ರಕ್ಕೆ ವಿಶೇಷವಾಗಿ ಸಂಬಂಧಿಸಿವೆ. ಅದೇ ಬೀದಿಯ ಬಿಯರ್ ಕಾರ್ಖಾನೆಯ ಎಪ್ಪತ್ತಕ್ಕೂ ಹೆಚ್ಚು ಕೆಲಸಗಾರರಲ್ಲಿ ಒಬ್ಬರೂ ಕಾಲರಾದಿಂದ ಸಾಯಲಿಲ್ಲ, ಏಕೆಂದರೆ ಕಾರ್ಖಾನೆಗೆ ಸ್ವಂತ ಬಾವಿಯಿತ್ತು ಮತ್ತು ಅವರಿಗೆ ಕುಡಿಯಲು ಬಿಯರೇ ಸಿಗುತ್ತಿದ್ದುದರಿಂದ ಪಂಪಿನ ಕಡೆಗೆ ಹೋಗುವ ಅಗತ್ಯವೇ ಬೀಳಲಿಲ್ಲ. ಇನ್ನೊಂದೆಡೆ, ಮೈಲುಗಳಾಚೆ ಹ್ಯಾಂಪ್‌ಸ್ಟೆಡ್‌ನಲ್ಲಿ ವಾಸವಾಗಿದ್ದ ವೃದ್ಧ ವಿಧವೆಯೊಬ್ಬರು ಬ್ರಾಡ್ ಸ್ಟ್ರೀಟ್ ಪಂಪಿನ ನೀರಿನ ರುಚಿಯೇ ತಮಗೆ ಬೇಕೆಂದು ಅದನ್ನು ಗಾಡಿಯಲ್ಲಿ ತರಿಸಿಕೊಂಡು ಕುಡಿಯುತ್ತಿದ್ದರು. ಆಗಸ್ಟ್ ಕೊನೆಯಲ್ಲಿ ತರಿಸಿದ ನೀರನ್ನು ಕುಡಿದು ಸೆಪ್ಟೆಂಬರ್ 2ರಂದು ತೀರಿಕೊಂಡರು. ಆ ಪಂಪಿನ ನೀರಿನಿಂದ ಯಾರಾದರೂ ಪರೀಕ್ಷೆಯ ಒಬ್ಬೆಯೊಂದನ್ನು ಮಾಡಿದ್ದರೆ ಒಂದು ಗಂಟೆಯ ಕುದಿತದಲ್ಲಿ ಕಾಲರಾದ ಜೀವಾಣು ಸತ್ತು, ಬಿಯರ್ ಸೊಗಸಾಗಿಯೇ ಬಂದು, ಬಾವಿಗೆ ಒಳ್ಳೆಯ ಹೆಸರು ಸಿಗುತ್ತಿತ್ತು. ಸವಳು ಬಾವಿಯನ್ನು ನಾಲಗೆ ದೂರ ಮಾಡುತ್ತದೆ, ಸರಿ; ಸಿಹಿ ಬಾವಿಯಲ್ಲಿ ಚರಂಡಿಯ ನೀರು ಬೆರೆತಿದ್ದರೆ ಅದೇ ನಾಲಗೆ ಬಾಯಿ ಚಪ್ಪರಿಸುತ್ತದೆ.

ಪಾತ್ರೆಗೆ ತಿಳಿಯದ ಸಂಗತಿಗಳಲ್ಲಿ ರೋಗಾಣುವಿನ ಜೊತೆಗೆ ಇನ್ನೆರಡನ್ನು ಅಕ್ಕೋಳದಂಥ ಊರಿನಲ್ಲಿ ಹೆಸರಿಸಿಯೇ ಹೇಳಬೇಕು. ಕಬ್ಬಿನ ಗದ್ದೆಗೆ ಹಾಕಿದ ಯೂರಿಯಾದ ಒಂದು ಅಂಶ ನೈಟ್ರೇಟ್ ಆಗಿ ಬಾವಿಗೆ ಇಳಿಯುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಹಾನಿ ಮಾಡುವ ಪ್ರಮಾಣದಲ್ಲಿಯೂ ನಾಲಗೆಗೆ ತಿಳಿಯುವಂಥ ರುಚಿಯಿಲ್ಲ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ 2012ರಲ್ಲಿ ಪರಿಷ್ಕರಿಸಿದ ಐಎಸ್ 10500 ಮಾನಕದ ಪ್ರಕಾರ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರುವಂತಿಲ್ಲ, ಮತ್ತು ಗಡಸುತನಕ್ಕೆ 200ರಿಂದ 600ರವರೆಗೆ ಕೊಟ್ಟಿರುವಂಥ ಸಡಿಲಿಕೆ ಇದಕ್ಕಿಲ್ಲ. ಮೀರಿದ ನೀರಿನಲ್ಲಿ ಎಳೆಗೂಸಿಗೆ ಪುಡಿಹಾಲು ಕಲಸಿ ಕುಡಿಸಿದರೆ ರಕ್ತ ಆಮ್ಲಜನಕವನ್ನು ಹೊರುವ ಶಕ್ತಿಯನ್ನು ಕಳೆದುಕೊಂಡು ಮಗು ನೀಲಿಗಟ್ಟುವ ಅಪಾಯವಿದೆ. ಎರಡನೆಯದು ಫ್ಲೋರೈಡ್; ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಲ್ಲಿ 1.5ರವರೆಗೆ ಸಹಿಸಬಹುದು. ಇವೆರಡೂ ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಇನ್ನಷ್ಟು ಗಟ್ಟಿಯಾಗುತ್ತವೆ. ಇಲ್ಲಿ ಕಿಟ್ಟೇ ಮಾತನಾಡಬೇಕು, ಪಾತ್ರೆ ಸುಮ್ಮನಿರಬೇಕು.

ರೋಗಾಣುವಿಗೆ ಕಿಟ್ಟಿನಲ್ಲಿರುವ ಶೀಶೆ ಭಾರತದಲ್ಲಿಯೇ ಹುಟ್ಟಿದ ವಿಧಾನದ್ದು. 1982ರಲ್ಲಿ ಮಂಜ, ಮೌರ್ಯ ಮತ್ತು ರಾವ್ ಎಂಬ ವಿಜ್ಞಾನಿಗಳು ಪ್ರಕಟಿಸಿದ ಈ ಸುಲಭ ಪರೀಕ್ಷೆಯಲ್ಲಿ, ಮಲದ ಸೋಂಕಿನೊಡನೆ ನೀರಿಗೆ ಬರುವ ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲವನ್ನು ಹುಟ್ಟಿಸಿ ಶೀಶೆಯ ನೀರನ್ನು ಕಪ್ಪಾಗಿಸುತ್ತವೆ. ಪ್ರಯೋಗಾಲಯ, ವಿದ್ಯುತ್ತು, ಸೂಕ್ಷ್ಮದರ್ಶಕ ಯಾವುದೂ ಬೇಡದ, ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಟ್ಟು ಕಣ್ಣಿನಿಂದ ನೋಡಿದರೆ ಸಾಕಾಗುವ ಪರೀಕ್ಷೆಯಿದು. ಕಪ್ಪಾದ ಶೀಶೆಯ ಬಾವಿಯಲ್ಲಿ ಬೇಳೆ ಹೂವಿನಂತೆ ಬೆಂದಿದ್ದರೂ ಆ ಬಾವಿಯ ನೀರನ್ನು ಕುದಿಸದೆ ಕುಡಿಯಬಾರದು. ಈ ಒಂದು ವಿಷಯದಲ್ಲಿ ಎರಡು ಪರೀಕ್ಷೆಗಳ ನಡುವೆ ರಾಜಿಯಿಲ್ಲ. 2019 ಮತ್ತು 2021ರಂಥ ಪ್ರವಾಹದ ನಂತರ ಹೊಳೆದಂಡೆಯ ಬಾವಿಗಳಿಗೆ ಬ್ಲೀಚಿಂಗ್ ಪುಡಿ ಹಾಕುವಾಗ ಬರುವ ವಾಸನೆಯನ್ನು ಜನ ದೂರುವುದು ಸಹಜ. ನಳದ ನೀರಿನಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂದು ಅದೇ ಮಾನಕ ಹೇಳುತ್ತದೆ; ಮಾಲ್ಟಿನ ಅಂಶಗಳೊಡನೆ ಕೂಡಿ ಔಷಧಿಯಂಥ ವಾಸನೆ ಹುಟ್ಟಿಸುವುದರಿಂದ ಬಿಯರ್ ತಯಾರಕರು ಅದನ್ನು ಶತ್ರುವೆಂದು ಕಂಡು ಮೊದಲೇ ತೆಗೆದುಹಾಕುತ್ತಾರೆ, ಊರಿಗಾದರೋ ಅದು ಕಾವಲುಗಾರ.

ಬಟ್ಟೆಯಲ್ಲಿ ನೀರು ಸೋಸುವ ಜೈನ ಪದ್ಧತಿಯ ಬಗ್ಗೆಯೂ ಒಂದು ಮಾತು ಇಲ್ಲಿ ಸಲ್ಲುತ್ತದೆ. ಅಹಿಂಸೆಯ ದೃಷ್ಟಿಯಿಂದ ಬಂದ ಈ ಆಚರಣೆಯಲ್ಲಿ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಅದೇ ಬಾವಿಗೆ ಮರಳಿ ಬಿಡಬೇಕು, ಬೇರೆ ಬಾವಿಗೆ ಬಿಡಬಾರದು ಎಂಬ ಕಟ್ಟಳೆಯಿದೆ. ಒಂದೊಂದು ನೀರಿಗೂ ತನ್ನದೇ ಆದ ಜೀವಲೋಕವಿದೆ ಎಂಬ ತಿಳಿವಳಿಕೆ ಇದರೊಳಗೆ ಅಡಗಿದೆ. ಬಾಂಗ್ಲಾದೇಶದ ಮತ್ಲಬ್ ಪ್ರದೇಶದಲ್ಲಿ ರೀಟಾ ಕಾಲ್ವೆಲ್ ಮತ್ತು ಸಂಗಡಿಗರು ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ನೀರು ಸೋಸಿದ ಹಳ್ಳಿಗಳಲ್ಲಿ ಕಾಲರಾ ಶೇಕಡ 48ರಷ್ಟು ಇಳಿಯಿತೆಂದು 2003ರಲ್ಲಿ ವರದಿ ಮಾಡಿದ್ದಾರೆ, ಏಕೆಂದರೆ ಕಾಲರಾದ ಜೀವಾಣು ನೀರಿನ ಸೂಕ್ಷ್ಮ ಜೀವಿಗಳ ಮೈಗೆ ಅಂಟಿಕೊಂಡಿರುತ್ತದೆ. ಆದರೆ ಕರಗಿದ ಲವಣವನ್ನು ಬಟ್ಟೆ ತಡೆಯದು, ಮತ್ತು ಬಿಡಿಬಿಡಿಯಾಗಿ ತೇಲುವ ಬ್ಯಾಕ್ಟೀರಿಯಾವನ್ನೂ ತಡೆಯದು.

ಸಮಿತಿಯಿಂದ ಅಪೇಕ್ಷಿಸುವುದು ಇಷ್ಟೆ. ವರ್ಷಕ್ಕೆ ಎರಡು ಸಲ, ನೀರು ತೀರ ಇಳಿದಿರುವ ಕಾರ ಹುಣ್ಣಿಮೆಗೆ ಮೊದಲು ಒಮ್ಮೆ, ಮಳೆ ಮುಗಿದು ಬಾವಿಗಳು ತುಂಬಿರುವ ಸೀಗಿ ಹುಣ್ಣಿಮೆಯ ಹೊತ್ತಿಗೆ ಇನ್ನೊಮ್ಮೆ, ಕಿಟ್ಟಿನ ಪರೀಕ್ಷೆ ಮಾಡುವ ದಿನವೇ ಅದೇ ಕೊಡಗಳ ನೀರಿನಲ್ಲಿ ಬೇಳೆ, ಚಹ, ಅಂಬಲಿಗಳ ಒಬ್ಬೆಯನ್ನೂ ಮಾಡಿ, ಎರಡರ ಫಲವನ್ನೂ ಒಂದೇ ಪುಸ್ತಕದ ಎದುರುಬದುರು ಪುಟಗಳಲ್ಲಿ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬರೆದಿಡಬೇಕು. ಗಡಸುತನ 350 ಎಂಬ ಅಂಕಿ ಗ್ರಾಮಸಭೆಯಲ್ಲಿ ಓದಿದರೆ ಯಾರ ಕಿವಿಗೂ ಬೀಳುವುದಿಲ್ಲ. ಆ ಬೋರಿನ ನೀರಿನಲ್ಲಿ ಬೇಳೆ ಬೇಯಲು ಘಟಕದ ನೀರಿಗಿಂತ ಎಷ್ಟು ನಿಮಿಷ ಹೆಚ್ಚು ಹಿಡಿಯಿತು, ಅಷ್ಟಕ್ಕೆ ಎಷ್ಟು ಗ್ಯಾಸು ಖರ್ಚಾಯಿತು ಎಂದು ಓದಿದರೆ ಎಲ್ಲರೂ ತಲೆಯೆತ್ತುತ್ತಾರೆ, ಮತ್ತು ಆಗ ಪಕ್ಕದ ಪುಟದ ನೈಟ್ರೇಟನ್ನೂ ಓದಲು ಅವಕಾಶ ಸಿಗುತ್ತದೆ. ನಾಲ್ಕು ನೀರುಗಳಿಗೆ ಮೂರು ಸಲದ ಮೊದಲ ಪರೀಕ್ಷೆಗೆ ಬೇಕಾಗುವುದು ಒಂದೂಕಾಲು ಕಿಲೋ ತೊಗರಿಬೇಳೆ, ಅಷ್ಟೇ ಜೋಳದ ಹಿಟ್ಟು, ಒಂದು ಪುಡಿಕೆ ಚಹ, ಒಂದು ಗಡಿಗೆ ಮೊಸರು, ಒಂದು ಕಟ್ಟು ಪಿಎಚ್ ಕಾಗದ, ಗಡಿಯಾರ, ಮತ್ತು ಒಂದೇ ಅಂಗಡಿಯಿಂದ ಒಂದೇ ಸಲ ಕೊಂಡ, ಒಂದೇ ಅಳತೆಯ ಸ್ಟೀಲ್ ಪಾತ್ರೆಗಳು.